ಅರಮನೆಯಿಲ್ಲದ ಅರಸರ ಊರುಗಳು

ಮೈಸೂರಿಗೆ ಬಂದ ನೆಂಟರನ್ನು ಒಂದು ದಿನದ ಮಟ್ಟಿಗೆ ಎಲ್ಲಿಗಾದರೂ ಕರೆದೊಯ್ಯಬೇಕೆಂದರೆ ನಮ್ಮ ಪಟ್ಟಿ ಬಹಳ ಚಿಕ್ಕದು. ಅಂಬಾವಿಲಾಸ, ಜಗನ್ಮೋಹನ, ಚಾಮುಂಡಿಬೆಟ್ಟ. ಬಿಡುವಿದ್ದರೆ ಶ್ರೀರಂಗಪಟ್ಟಣದ ಕೋಟೆ ಮತ್ತು ದರಿಯಾ ದೌಲತ್. ಇಷ್ಟನ್ನು ಕಂಡವನು ಮೈಸೂರ ಅರಸರನ್ನೇ ಕಂಡಂತಾಯಿತೆಂದು ನಾವು ನಂಬಿರುತ್ತೇವೆ. ರಜೆಗೆಂದು ಬಂದಿದ್ದ ನನ್ನ ಸೋದರಳಿಯ, ಕಾಲೇಜಿನ ವಿದ್ಯಾರ್ಥಿ, ಇವೆಲ್ಲವನ್ನೂ ಎರಡೇ ದಿನಗಳಲ್ಲಿ ಮುಗಿಸಿ, “ಇನ್ನು ಯಾವ ಅರಮನೆ ಉಳಿದಿದೆ, ಮಾವ?” ಎಂದು ಕೇಳಿದ. ಅವನ ತಂದೆ ಸಣ್ಣ ಊರೊಂದರಲ್ಲಿ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ನಿವೃತ್ತರಾದವರು. ಆ ವಿಷಯ ಬಂದಾಗಲೆಲ್ಲ ಹುಡುಗ ಮಾತು ಹೊರಳಿಸುತ್ತಿದ್ದುದನ್ನು ನಾನು ಗಮನಿಸಿದ್ದೆ. ಭಾನುವಾರ ಚಾಮರಾಜನಗರ ಮತ್ತು ಗುಂಡ್ಲುಪೇಟೆಗೆ ಹೋಗಿಬರೋಣವೆಂದೆ.

ಎರಡು ಊರುಗಳೂ ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿವೆ. ನಂಜನಗೂಡನ್ನು ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಹೋಗಿ ಇನ್ನೊಂದರಲ್ಲಿ ಹಿಂದಿರುಗಿದರೆ ದಿನವೊಂದರಲ್ಲಿ ಸುಖವಾದ ಪ್ರದಕ್ಷಿಣೆಯಾಗುತ್ತದೆ. ಚಾಮರಾಜನಗರಕ್ಕೆ 1926ರಿಂದ ರೈಲುಮಾರ್ಗವೂ ಉಂಟು. ಬೆಳಗಿನ ಉಪಾಹಾರದ ಹೊತ್ತಿಗೆ ನಾವು ಅಲ್ಲಿದ್ದೆವು.

ಈ ಊರಿನ ಹಳೆಯ ಹೆಸರು ಅರಿಕುಠಾರ. ಇಲ್ಲಿ 1774ರಲ್ಲಿ ಜನಿಸಿದ ಶಿಶುವೇ ಮುಂದೆ ಖಾಸಾ ಚಾಮರಾಜ ಒಡೆಯರೆನಿಸಿದವರು. ಮೈಸೂರಿನ ಪಟ್ಟ 1776ರಲ್ಲಿ ತೆರವಾದಾಗ ಹೈದರಾಲಿ ರಾಜಬಂಧುಗಳ ಮಕ್ಕಳನ್ನೆಲ್ಲ ಒಂದೆಡೆ ಕೂಡಿಸಿ, ಅವರ ಮುಂದೆ ಆಟಿಕೆ, ತಿಂಡಿ, ಹಣ್ಣು, ಆಯುಧಗಳನ್ನು ಹರಡಿಸಿದನಂತೆ. ಉಳಿದ ಮಕ್ಕಳು ಆಟಿಕೆಗಳಿಗೆ ಮುಗಿಬಿದ್ದಾಗ ಈ ಮಗುವೊಂದೇ ಕಠಾರಿಯನ್ನೂ ನಿಂಬೆಹಣ್ಣನ್ನೂ ಎತ್ತಿಕೊಂಡಿತಂತೆ. ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟಿರುವ ಈ ಕಥೆ ಎಷ್ಟು ನಿಜವೋ, ಆದರೆ ಅದರ ಮುಂದಿನ ಭಾಗದಲ್ಲಿ ಸಂದೇಹವಿಲ್ಲ. ಕಠಾರಿ ಹಿಡಿದ ಕೈಗೆ ಅಧಿಕಾರ ಎಂದೂ ಬರಲಿಲ್ಲ. ಹೈದರನ ಕಾಲದಲ್ಲಿಯೂ ಟಿಪ್ಪುವಿನ ಕಾಲದಲ್ಲಿಯೂ ಹೆಸರಿಗೆ ಮಾತ್ರ ಅರಸರಾಗಿದ್ದು, 1796ರಲ್ಲಿ ಅವರು ತೀರಿಕೊಂಡರು. ಆಗ ಅವರ ಮಗನಿಗೆ ಎರಡು ವರ್ಷ.

ಆ ಮಗನೇ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದರ ಪ್ರಾಯದಲ್ಲಿ ಅವರಿಗೆ ಪಟ್ಟವಾಯಿತು. ಮೈಸೂರಿನ ಹಳೆಯ ಅರಮನೆ ಆ ವೇಳೆಗೆ ಉಳಿದಿರಲಿಲ್ಲ. ಪಟ್ಟಾಭಿಷೇಕ ನಡೆದದ್ದು ಚಪ್ಪರದ ಕೆಳಗೆ. ತಂದೆಯ ಮುಖ ಆ ಬಾಲಕನ ನೆನಪಿನಲ್ಲಿ ಉಳಿದಿರಲಾರದು. ಆದರೂ ಬೆಳೆದು ದೊಡ್ಡವರಾದ ಮೇಲೆ 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಒಳಗಿರುವ ಅಮ್ಮನವರ ಹೆಸರು ಕೆಂಪನಂಜಾಂಬೆ. ಅದು ಅವರ ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು. ತಂದೆತಾಯಿಯರ ಹೆಸರುಗಳನ್ನು ಮಗ ಹೀಗೆ ಒಂದೇ ಸೂರಿನಡಿ ಸೇರಿಸಿದ್ದಾನೆ.

ತಂದೆ ಹುಟ್ಟಿದ ಮನೆಯ ಜಾಗದಲ್ಲಿ ಈಗ ಇರುವುದು ಜನನ ಮಂಟಪ. ಅದರ ಮುಂದೆ ನಿಂತು ನನ್ನ ಅಳಿಯ, “ಅರಮನೆ ಎಲ್ಲಿ, ಮಾವ?” ಎಂದ. ಇದೇ ಎಂದೆ. ಅವನ ಮುಖ ಸಣ್ಣದಾಯಿತು.

ಆದರೆ ಆಷಾಢದಲ್ಲಿ ಒಮ್ಮೆ ಈ ಊರಿಗೆ ಬರಬೇಕು. ನಮ್ಮಲ್ಲಿ ಹೊಸದಾಗಿ ಮದುವೆಯಾದವರನ್ನು ಅಗಲಿಸಿಡುವ ಆ ತಿಂಗಳಲ್ಲಿಯೇ ಚಾಮರಾಜೇಶ್ವರನ ತೇರು. ಸುತ್ತಲ ಊರುಗಳ ನವದಂಪತಿಗಳು ಜೊತೆಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ರಥ ಬೆಂಕಿಗೆ ಸಿಕ್ಕು ಉತ್ಸವ ನಿಂತುಹೋಗಿತ್ತು. ಹೊಸ ರಥ ಸಿದ್ಧವಾಗಿ 2022ರಲ್ಲಿ ತೇರು ಮತ್ತೆ ಬೀದಿಗಿಳಿದಾಗ ಊರೇ ನೆರೆದಿತ್ತು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಗದ್ದುಗೆ ಕಳೆದುಕೊಳ್ಳುತ್ತಾರೆಂಬ ಮಾತೊಂದು ಬಹುಕಾಲ ಪ್ರಚಾರದಲ್ಲಿತ್ತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಹಲವು ಬಾರಿ ಬಂದುಹೋಗಿಯೂ ತಮ್ಮ ಐದು ವರ್ಷಗಳನ್ನು ಪೂರೈಸಿದರು. ಅಧಿಕಾರವನ್ನೇ ಕಾಣದ ಅರಸನ ಊರಿಗೆ ಬರಲು ಅಧಿಕಾರದಲ್ಲಿದ್ದವರು ಹೆದರುತ್ತಿದ್ದರೆಂಬುದು ವಿಚಿತ್ರವಲ್ಲವೆ!

ಅಲ್ಲಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಒಂದು ಕಾಲಕ್ಕೆ ಕೋಟೆಯ ಊರು, ವಿಜಯನಗರದ ಕಾಲದ ಆಡಳಿತ ಕೇಂದ್ರ; ‘ಸನತ್ಕುಮಾರ ಚರಿತೆ’ಯ ಕವಿ ಬೊಮ್ಮರಸನ ಊರು. ಕನ್ನಡ ಸಾಹಿತ್ಯವನ್ನು ಓದುವ ವಿದ್ಯಾರ್ಥಿಗಳು ಇಲ್ಲಿ ಅರ್ಧ ಗಂಟೆಯಾದರೂ ಇಳಿಯಬೇಕು. ಕೋಟೆಯ ವೈಭವ ಅಳಿದಿದೆ. ಊರಿನ ಹೆಸರು ಕವಿಯ ಹೆಸರಿಗೆ ಅಂಟಿಕೊಂಡು ಉಳಿದಿದೆ.

ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಊಟಿಗೂ ಬಂಡೀಪುರಕ್ಕೂ ಹೋಗುವವರು ಇಲ್ಲಿ ಕಾಫಿ ಕುಡಿದು ಮುಂದೆ ಸಾಗುತ್ತಾರೆ. ಹೊಳೆಯ ಕಡೆಗೆ ತಿರುಗುವವರು ವಿರಳ. ಗುಂಡ್ಲು ಹೊಳೆಗೆ ಕೌಂಡಿನೀ ಎಂಬ ಸಂಸ್ಕೃತದ ಹೆಸರೂ ಉಂಟು; ಹೆಸರಿನಷ್ಟು ನೀರು ಮಾತ್ರ ಬಹುತೇಕ ದಿನಗಳಲ್ಲಿ ಇರುವುದಿಲ್ಲ. ಪರವಾಸುದೇವ ದೇವಾಲಯ ಈ ಹೊಳೆಯ ದಡದ್ದು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಇದನ್ನು ಕಟ್ಟಿಸಿ ಅಗ್ರಹಾರವೊಂದನ್ನೂ ಏರ್ಪಡಿಸಿದರು. ಕಾರಣ, ಅವರ ತಂದೆ ದೊಡ್ಡದೇವರಾಜರು ದೇಹಬಿಟ್ಟದ್ದು ಈ ಊರಿನಲ್ಲಿ.

ಸಿ. ಹಯವದನರಾಯರ ಮೈಸೂರು ಚರಿತ್ರೆಯನ್ನು ಅನುಸರಿಸಿದರೆ ದೊಡ್ಡದೇವರಾಜರೂ ಆಳಿದವರಲ್ಲ. ರಾಜ್ಯ ಅವರ ಸೋದರನ ಕೈಯಲ್ಲಿತ್ತು. ಪಕ್ಕದ ಹಂಗಳದಲ್ಲಿ ಚಿಕ್ಕದೇವರಾಜರು ಕಾವಲಿನಲ್ಲಿ ದಿನ ಕಳೆದರೆಂಬ ಪ್ರತೀತಿಯೂ ಇದೆ. ಅಂಥ ಮಗ ಮುಂದೆ ರಾಜ್ಯವನ್ನು ವಿಸ್ತರಿಸಿದರು. ಆಡಳಿತಕ್ಕೆಂದು ಹದಿನೆಂಟು ಇಲಾಖೆಗಳ ಅಠಾರ ಕಚೇರಿಯನ್ನು ಸ್ಥಾಪಿಸಿದರು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ, ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಹುಟ್ಟಿದ್ದು ಅವರ ಆಸ್ಥಾನದಲ್ಲಿ. ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಅದೇ ಅರಮನೆಯ ಊಳಿಗದವಳು. ಇಷ್ಟೆಲ್ಲ ಗಳಿಸಿದ ಅರಸರು ಬರಡು ಹೊಳೆಯ ಈ ದಡವನ್ನು ಮರೆಯಲಿಲ್ಲ.

ಇವರು ಕಟ್ಟಿಸಿದ ಗುಡಿಗೆ ಮಾತ್ರ ಚಾಮರಾಜೇಶ್ವರನ ಭಾಗ್ಯ ಒದಗಲಿಲ್ಲ. ಊರೊಳಗಿನ ವಿಜಯನಾರಾಯಣನಿಗೆ ಭಕ್ತರು ಉಳಿದರು. ಪರವಾಸುದೇವನ ಗುಡಿ ಬಹುಕಾಲ ಹಾಳುಸುರಿಯಿತು. ಪ್ರತಾಪಶಾಲಿಯಾದ ಅರಸನ ಗುಡಿ ಬರಿದಾಯಿತು; 1831ರಲ್ಲಿ ಇಂಗ್ಲಿಷರ ಕೈಗೆ ಆಡಳಿತವನ್ನು ಬಿಟ್ಟುಕೊಟ್ಟ ಅರಸನ ಗುಡಿಯ ಮುಂದೆ ಇಂದಿಗೂ ತೇರು ಹರಿಯುತ್ತದೆ. ಕಲ್ಲನ್ನು ನಿಲ್ಲಿಸುವುದು ಅರಸನ ಕೈಲಾದೀತು. ಅದನ್ನು ಉಳಿಸುವವರು ದಿನವೂ ಬಾಗಿಲಿಗೆ ಬರುವ ಜನ.

ಕಂಬವೊಂದಕ್ಕೆ ಒರಗಿ ಕುಳಿತಿದ್ದ ನನ್ನ ಅಳಿಯ ಕೇಳಿದ: “ಇಬ್ಬರ ಅಪ್ಪಂದಿರೂ ಆಳಲಿಲ್ಲ. ಮತ್ತೆ ಮಕ್ಕಳು ಇಷ್ಟೆಲ್ಲ ಏಕೆ ಮಾಡಿದರು, ಮಾವ?”

ವಂಶದ ಹಕ್ಕನ್ನು ಲೋಕಕ್ಕೆ ತೋರಿಸಿಕೊಳ್ಳಲು ಎಂದು ಚರಿತ್ರಕಾರರು ಹೇಳಬಹುದು. ಪರಲೋಕದಲ್ಲಿ ತಂದೆಗೆ ಸದ್ಗತಿಯಾಗಲೆಂದು ಎಂದು ಶಾಸನದ ಭಾಷೆ ಬಲ್ಲವರು ಹೇಳಬಹುದು. ಎರಡೂ ನಿಜವಿರಬಹುದು. ಆದರೆ ಆಳಿದ ತಂದೆಯನ್ನು ಲೋಕವೇ ನೆನೆಯುತ್ತದೆ. ಆಳದ ತಂದೆಯನ್ನು ಮಗನಲ್ಲದೆ ಇನ್ನಾರು ನೆನೆಯಬೇಕು? ನನಗೆ ತೋಚಿದ್ದು ಇಷ್ಟೇ, ಅದನ್ನೇ ಹೇಳಿದೆ. ಅವನು ಏನೂ ಅನ್ನಲಿಲ್ಲ.

ಬೇಗೂರಿನ ದಾರಿಯಾಗಿ ಮೈಸೂರಿಗೆ ಹಿಂದಿರುಗುವಾಗ ಕತ್ತಲಾಗಿತ್ತು. ಭಾನುವಾರವಾದ್ದರಿಂದ ಅರಮನೆಗೆ ದೀಪ ಹಚ್ಚಿದ್ದರು. ಸುಮಾರು ಒಂದು ಲಕ್ಷ ದೀಪಗಳು. ಬಸ್ಸಿನಲ್ಲಿದ್ದವರೆಲ್ಲ ಆ ಕಡೆಯ ಕಿಟಕಿಗೆ ಬಾಗಿದರು. ನನ್ನ ಅಳಿಯನೂ ಒಂದು ಕ್ಷಣ ನೋಡಿದ, ಬಳಿಕ ನನ್ನತ್ತ ತಿರುಗಿ, “ನಮ್ಮಪ್ಪ ಹುಟ್ಟಿದ ಮನೆ ಎಲ್ಲಿತ್ತು ಎಂಬುದು ನಿಮಗೆ ಗೊತ್ತೆ, ಮಾವ?” ಎಂದ.

ಗೊತ್ತಿತ್ತು. ಆ ಮನೆಯೂ ಈಗಿಲ್ಲ. ಅದಿದ್ದ ಜಾಗವನ್ನು ಮುಂದಿನ ಭಾನುವಾರ ತೋರಿಸುವೆನೆಂದೆ.