ಕೆಂಪಗೆ ಹೊಳೆದದ್ದೆಲ್ಲ ಇನ್‌ಫ್ರಾರೆಡ್ ಅಲ್ಲ

ಮಂಡಿನೋವಿಗೆ ತಂದ ಕೆಂಪು ಬಲ್ಬಿನ ಮುಂದೆ ನಮ್ಮತ್ತೆ ಕಾಲು ಚಾಚಿ ಕೂತಿದ್ದರು. ಹಳೆಯ ಸಕ್ಕರೆ ಕಾಯಿಲೆ, ಅಂಗಾಲಿಗೆ ಸದಾ ಜೋಮು. ‘ಏನೂ ಬಿಸಿ ಹತ್ತುತ್ತಿಲ್ಲವಲ್ಲ’ ಎಂದು ಬಲ್ಬನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಮರುದಿನ ನೋಡಿದರೆ ಹೆಬ್ಬೆರಳ ಬುಡದಲ್ಲಿ ಅಡಿಕೆ ಗಾತ್ರದ ಬೊಬ್ಬೆ. ಮಾಯಲು ಎರಡು ತಿಂಗಳು ಹಿಡಿಯಿತು. ‘ಇನ್‌ಫ್ರಾರೆಡ್ ಬರೀ ಬೆಳಕು, ಅಡ್ಡಪರಿಣಾಮವೇ ಇಲ್ಲ’ ಎಂದು ಯಾರಾದರೂ ಹೇಳಿದಾಗಲೆಲ್ಲ ಆ ಬೊಬ್ಬೆ ನನ್ನ ಕಣ್ಣಮುಂದೆ ಬರುತ್ತದೆ.

ಕೆಂಪಗೆ ಹೊಳೆಯುವುದೇ ಇನ್‌ಫ್ರಾರೆಡ್ ಎಂದು ಬಹಳ ಜನ ತಿಳಿದಿದ್ದಾರೆ. ಇನ್‌ಫ್ರಾರೆಡ್, ಅಂದರೆ ಅವಕೆಂಪು ಕಿರಣ, ಕಣ್ಣಿಗೆ ಕಾಣುವುದೇ ಇಲ್ಲ. 1800ರಲ್ಲಿ ವಿಲಿಯಂ ಹರ್ಷೆಲ್ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನ ಅಂಚು ದಾಟಿದ ಖಾಲಿ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು, ಪಾದರಸ ಏರಿತು. ಅದು ಪತ್ತೆಯಾದದ್ದೇ ಹಾಗೆ. ಟಿವಿ ರಿಮೋಟಿನ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ, ಬರಿಗಣ್ಣಿಗೆ ಸಿಗದ ನಸುನೇರಳೆ ಮಿಣುಕು ಬಹಳಷ್ಟು ಫೋನುಗಳಲ್ಲಿ ಕಾಣುತ್ತದೆ. ಮುಖಕಾಂತಿಗೆಂದು ಹಾಕಿಕೊಳ್ಳುವ ಎಲ್‌ಇಡಿ ಮುಖವಾಡದಲ್ಲಿ ಹೊಳೆಯುವುದು ಸಾಮಾನ್ಯವಾಗಿ 630–660 ನ್ಯಾನೋಮೀಟರಿನ ಕೆಂಪು ಬೆಳಕು. ಜೊತೆಗೆ 810–850ರ ಅವಕೆಂಪು ಇದ್ದರೂ ನಮಗೆ ತೋರದು.

ಬಲ್ಬು, ಮುಖವಾಡ ಎರಡೂ ಒಂದೇ ಎನ್ನುವುದೂ ತಪ್ಪು. ಬಲ್ಬು ಮೈ ಕಾಯಿಸುತ್ತದೆ. ರಕ್ತಸಂಚಾರ ಹೆಚ್ಚಿ, ಬಿಗಿದ ಸ್ನಾಯು ಸಡಿಲಾಗಿ, ನೋವು ಒಂದಷ್ಟು ಹೊತ್ತು ತಗ್ಗುತ್ತದೆ. ಎಲ್‌ಇಡಿಯ ಕೆಲಸ ಶಾಖದ್ದಲ್ಲ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾದ ಒಂದು ಕಿಣ್ವ ಆ ಬೆಳಕನ್ನು ಹೀರಿ ಚುರುಕಾಗುತ್ತದೆ ಎಂಬುದು ಈಗಿನ ಮುಖ್ಯ ವಿವರಣೆ. ಇನ್‌ಫ್ರಾರೆಡ್ ಸೌನಾ ಎಂಬ ಶಾಖದ ಕೋಣೆಯ ಕಿರಣ ಎಲುಬಿನವರೆಗೆ ಇಳಿಯುತ್ತದೆಂಬ ಮಾತು ಸುಳ್ಳು, ಚರ್ಮದ ಮೇಲ್ಪದರದ ನೀರೇ ಅದನ್ನು ಹೀರಿಬಿಡುತ್ತದೆ. ವಿಟಮಿನ್ ಡಿ ಕೂಡ ಅವಕೆಂಪು ಕಿರಣದಿಂದ ಸಿಗದು, ಅದಕ್ಕೆ ನೇರಳಾತೀತ ಕಿರಣವೇ ಬೇಕು.

ಹಾಗೆಂದು ಎಲ್ಲವೂ ಬೊಗಳೆಯಲ್ಲ. ಗಟ್ಟಿ ಪುರಾವೆ ಇರುವುದು ಬಾಯಿಹುಣ್ಣಿನ ವಿಷಯದಲ್ಲಿ. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರ ಬಾಯೊಳಗಿನ ಪೊರೆ ಸುಲಿದು, ಒಂದು ಗುಟುಕು ಗಂಜಿ ನುಂಗುವುದೂ ನರಕವಾಗುತ್ತದೆ. ಆ ಹುಣ್ಣು ಏಳದಂತೆ ನಿಗದಿತ ಪ್ರಮಾಣದ ಕೆಂಪು ಅಥವಾ ಅವಕೆಂಪು ಬೆಳಕಿನ ಚಿಕಿತ್ಸೆ ಕೊಡಿ ಎಂದು ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮುಖಕಾಂತಿಯ ಜಾಹೀರಾತುಗಳ ಗದ್ದಲದಲ್ಲಿ ಇದು ಯಾರ ಕಿವಿಗೂ ಬೀಳುತ್ತಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಸುಕ್ಕಿನ ಬಗ್ಗೆ ಸಣ್ಣ ಅಧ್ಯಯನಗಳು ತುಸು ಸುಧಾರಣೆ ತೋರಿಸಿವೆ, ಅದೂ ಎಲ್‌ಇಡಿ ಬೆಳಕನ್ನು ವಾರಗಟ್ಟಲೆ ಬಿಡದೆ ಬಳಸಿದಾಗ. ಕೆನ್ನೆಯಲ್ಲಿ ಬಂಗು ಇರುವವರು ಚರ್ಮವೈದ್ಯರನ್ನು ಕೇಳದೆ ಕೈಹಾಕಬೇಡಿ, ಶಾಖ ತಗುಲಿದರೆ ಆ ಕಲೆ ಇನ್ನಷ್ಟು ಕಪ್ಪಾಗಬಹುದು. ಹೆಚ್ಚು ಹೊತ್ತು ಕೂತರೆ ಹೆಚ್ಚು ಗುಣ ಎಂಬ ಲೆಕ್ಕವೂ ನಡೆಯದು. ಪ್ರಮಾಣ ಮೀರಿದರೆ ಸಿಗುವ ಗುಣವೂ ಕುಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ.

ಗಾಯ ಮಾಯ್ದ ಮೇಲೆ ಅತ್ತೆಯನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋದೆವು. ಇನ್‌ಫ್ರಾರೆಡ್ ದೀಪ ಹಚ್ಚುವ ಮೊದಲು ಅಲ್ಲಿನ ಫಿಸಿಯೋಥೆರಪಿಸ್ಟ್ ಹುಡುಗಿ ಬಿಸಿನೀರಿನದೊಂದು, ತಣ್ಣೀರಿನದೊಂದು ಗಾಜಿನ ಕೊಳವೆ ತಂದು, ಅತ್ತೆಗೆ ಕಣ್ಣು ಮುಚ್ಚಿಸಿ, ಒಂದೊಂದಾಗಿ ಪಾದಕ್ಕೆ ಮುಟ್ಟಿಸಿ ಕೇಳಿದಳು. ಎರಡಕ್ಕೂ ಅತ್ತೆ ‘ತಣ್ಣಗಿದೆಯಮ್ಮ’ ಎಂದರು. ಅವಳು ದೀಪವನ್ನು ಮೂಲೆಗೆ ತಳ್ಳಿ, ಮಂಡಿಯ ವ್ಯಾಯಾಮ ಹೇಳಿಕೊಡಲು ಕೂತಳು.