ಬೆಳಕಿನ ಸುತ್ತು ಅರಿಯುವ ಹರಳು

ಪ್ರಶ್ನೆ: ಇಲ್ಲಿ ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಒದ್ದೆ ರಸ್ತೆಯ ಹೊಳಪನ್ನು ಪೋಲರಾಯ್ಡ್ ಕನ್ನಡಕ ತಡೆಯುತ್ತದೆ. ಫಿಲ್ಟರ್ ಇಲ್ಲದೆಯೇ ಇಂಥ ಧ್ರುವೀಕೃತ ಬೆಳಕನ್ನು ಗುರುತಿಸುವ ವಸ್ತು ಇದೆಯೇ?

ಉತ್ತರ: ಇದೆ, ಪೆರೋವ್‌ಸ್ಕೈಟ್. 1839ರಲ್ಲಿ ಯೂರಲ್ ಪರ್ವತದ ಖನಿಜವೊಂದಕ್ಕೆ ಇಟ್ಟ ಹೆಸರು ಈಗ ಅದೇ ರಚನೆಯ ಕೃತಕ ಹರಳುಗಳಿಗೂ ಸಲ್ಲುತ್ತದೆ. ಎಡಗೈ, ಬಲಗೈಗಳಂತೆ ಒಂದರ ಮೇಲೊಂದು ಕೂರದ ಸಾವಯವ ಅಣುಗಳನ್ನು ಇವುಗಳಲ್ಲಿ ಸೇರಿಸಿದರೆ ಹರಳೇ ತಿರುಚಿಕೊಳ್ಳುತ್ತದೆ. ಆಗ ಕಂಪನದ ದಿಕ್ಕು ಎಡಕ್ಕೆ ಸುತ್ತುವ ಧ್ರುವೀಕೃತ ಬೆಳಕು ಬಿದ್ದರೆ ಒಂದು ಪ್ರಮಾಣದ ವಿದ್ಯುತ್, ಬಲಕ್ಕೆ ಸುತ್ತುವ ಬೆಳಕಿಗೆ ಇನ್ನೊಂದು. ನಿಮ್ಮ ರಸ್ತೆಯ ಹೊಳಪು ಸುತ್ತುವುದಿಲ್ಲ, ಬಹುಪಾಲು ಒಂದೇ ಸಮತಲದಲ್ಲಿ ಕಂಪಿಸುತ್ತದೆ. ಅದಕ್ಕೆ ಸಾಲಾಗಿ ಜೋಡಿಸಿದ ಪೆರೋವ್‌ಸ್ಕೈಟ್ ನ್ಯಾನೋತಂತಿಗಳಿವೆ. ಆದರೆ ತೇವ ಈ ಹರಳುಗಳಿಗೆ ಶತ್ರು, ಇಂಗ್ಲೆಂಡಿನಲ್ಲಿ ಅದು ಸಣ್ಣ ತೊಡಕಲ್ಲ!

ಅಂದಹಾಗೆ, ಧ್ರುವೀಕೃತ ಬೆಳಕಿನ ಬಗ್ಗೆ ಜಗತ್ತು ಇಂದಿಗೂ ಉಲ್ಲೇಖಿಸುವ ಸಂಶೋಧನೆಯನ್ನು ಭೌತವಿಜ್ಞಾನಿ ಎಸ್. ಪಂಚರತ್ನಂ 1956ರಲ್ಲಿ ಪ್ರಕಟಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಿಂದ, 22ರ ಹರೆಯದಲ್ಲಿ.