ನೆಲಕ್ಕಿಳಿದರೂ ಮನೆ ಸೇರದವರು: ಕೊರೊನಾ ಕಾಲದ ವಿಮಾನ ಸಿಬ್ಬಂದಿ



2020ರ ಮೇ 12ರಂದು ವಂದೇ ಭಾರತ್ ಯೋಜನೆಯಡಿ ದುಬಾಯಿಯಿಂದ ಮೊದಲ ವಿಮಾನ ಮಂಗಳೂರಿಗೆ ಬಂದಿಳಿದುದು ನಮಗೆಲ್ಲ ನೆನಪಿದೆ. ಅದರಲ್ಲಿ ಬಂದವರು ಕ್ವಾರಂಟೈನ್ ಮುಗಿಸಿ ಮನೆ ಸೇರಿದರು. ಆದರೆ ಆ ದಿನಗಳಲ್ಲಿ ವಿಮಾನಗಳನ್ನು ನಡೆಸುತ್ತಿದ್ದವರ ಪಾಡೇನು ಎಂದು ನಾವು ಹೆಚ್ಚಾಗಿ ಯೋಚಿಸಲಿಲ್ಲ.

ದೂರದ ಹಾರಾಟ ಮುಗಿಸಿದ ಪೈಲಟ್‌ಗಳೂ ಗಗನಸಖಿಯರೂ ಮತ್ತೆ ವಿಮಾನ ಹತ್ತುವ ಮೊದಲು ಕಡ್ಡಾಯವಾಗಿ ವಿಶ್ರಾಂತಿ ಪಡೆಯಬೇಕು. ಪರವೂರಿನ ಈ ತಂಗುವಿಕೆಯನ್ನು ಲೇಓವರ್ ಎನ್ನುತ್ತಾರೆ. ಮೊದಲೆಲ್ಲ ಈ ಬಿಡುವಿನಲ್ಲಿ ಪೇಟೆ ಸುತ್ತಬಹುದಿತ್ತು. ಕೊರೊನಾ ಬಂದ ಮೇಲೆ ಹಲವು ದೇಶಗಳಲ್ಲಿ ಅವರು ನಿಲ್ದಾಣದಿಂದ ನೇರವಾಗಿ ಹೋಟೆಲ್ ಕೋಣೆಗೆ, ಕೋಣೆಯಿಂದ ಮತ್ತೆ ವಿಮಾನಕ್ಕೆ ಹೋಗಬೇಕಾಯಿತು. ಊಟವೂ ಕೋಣೆಗೇ ಬರುತ್ತಿತ್ತು.

ಇಲ್ಲಿನ ತೊಡಕು ಏನು? ಪ್ರಯಾಣಿಕನಿಗೆ 14 ದಿನಗಳ ಕ್ವಾರಂಟೈನ್ ಒಂದು ಸಲದ ಕಷ್ಟ. ಪ್ರಯಾಣವೇ ಉದ್ಯೋಗವಾದವರಿಗೆ ಅದು ಪ್ರತಿ ಸಲದ ಕಷ್ಟ. ಹಾಗೆಂದು ಪ್ರತಿ ಹಾರಾಟಕ್ಕೂ 14 ದಿನ ಕೂಡಿಹಾಕಿದರೆ ಔಷಧ, ಲಸಿಕೆ ತರುವ ವಿಮಾನ ನಡೆಸಲು ಜನ ಸಾಲುವುದಿಲ್ಲ. ಆದ್ದರಿಂದ ಸರಕಾರಗಳು ಇವರಿಗಾಗಿ ಬೇರೆ ನಿಯಮ ಮಾಡಿದವು.

ತೈವಾನ್ 2021ರ ಏಪ್ರಿಲ್‌ನಲ್ಲಿ ದೂರದ ಹಾರಾಟದಿಂದ ಮರಳಿದ ಪೈಲಟ್‌ಗಳ ಕ್ವಾರಂಟೈನನ್ನು 5 ದಿನಗಳಿಂದ 3 ದಿನಗಳಿಗೆ ಇಳಿಸಿತು. ಅದೇ ತಿಂಗಳ ಕೊನೆಗೆ ಚೀನಾ ಏರ್‌ಲೈನ್ಸ್‌ನ ಪೈಲಟ್‌ಗಳಲ್ಲಿಯೂ ತಾವ್‌ಯುವಾನ್ ನಿಲ್ದಾಣದ ಹೋಟೆಲಿನಲ್ಲಿಯೂ ಸೋಂಕು ಕಂಡುಬಂತು. ಸಡಿಲಿಕೆಯ ಬಗ್ಗೆ ಅಲ್ಲಿ ದೊಡ್ಡ ವಿವಾದವೇ ಎದ್ದಿತು.

ಹಾಂಗ್‌ಕಾಂಗ್ ಹಿಡಿದದ್ದು ಬಿಗಿಯಾದ ದಾರಿ. 2021ರ ಫೆಬ್ರವರಿಯಿಂದ ಅಲ್ಲಿನ ಕ್ಯಾಥೆ ಪೆಸಿಫಿಕ್ ಸಂಸ್ಥೆಯಲ್ಲಿ ಒಪ್ಪಿ ಮುಂದೆ ಬಂದ ಸಿಬ್ಬಂದಿ ಸುಮಾರು 3 ವಾರ ಹಾರಾಟ, ಬಳಿಕ 2 ವಾರ ಹೋಟೆಲ್ ಕ್ವಾರಂಟೈನ್, ಆಮೇಲೆ 2 ವಾರ ಮನೆ ಎಂಬ ಸರದಿಯಲ್ಲಿ ದುಡಿದರು. ಮೊದಲ ಐದು ವಾರ ಅವರಿಗೆ ಮನೆಯವರ ಭೇಟಿ ಇಲ್ಲ. ಆ ವರ್ಷದ ನವೆಂಬರ್‌ನಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ತಂಗಿ ಬಂದ 3 ಪೈಲಟ್‌ಗಳಿಗೆ ಸೋಂಕು ತಗಲಿತು. ತಂಗುವಿಕೆಯ ನಿಯಮ ಮೀರಿದರೆಂದು ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಅದೇ ಹೋಟೆಲಿನಲ್ಲಿ ತಂಗಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ಪೆನ್ನೀಸ್ ಬೇ ಎಂಬಲ್ಲಿನ ಸರಕಾರಿ ಶಿಬಿರಕ್ಕೆ 21 ದಿನಗಳ ವಾಸಕ್ಕೆ ಕಳುಹಿಸಲಾಯಿತು. ಹಾಂಗ್‌ಕಾಂಗ್‌ಗೆ ಬರುವವರಿಗೆ ಹೋಟೆಲ್ ಕ್ವಾರಂಟೈನ್ ಪೂರ್ತಿಯಾಗಿ ನಿಂತದ್ದು 2022ರ ಸೆಪ್ಟೆಂಬರ್ 26ರಂದು.

ನಿಯಮ ಬೇಡವಿತ್ತೆಂದು ನಾವು ಹೇಳುವುದಿಲ್ಲ. ಸಡಿಲಿಸಿದಾಗ ಊರಿಗೆ ಅಪಾಯವಾಯಿತು, ಬಿಗಿಗೊಳಿಸಿದಾಗ ಅದರ ಭಾರವನ್ನು ಕೆಲವರೇ ಹೊತ್ತರು. ಎಲ್ಲರ ಕ್ಷೇಮಕ್ಕಾಗಿ ಕೆಲವರನ್ನು ಕೋಣೆಯಲ್ಲಿ ಕೂರಿಸುವಾಗ ಅವರ ಮನಸ್ಸನ್ನೂ ಮನೆಯವರನ್ನೂ ನೋಡಿಕೊಳ್ಳುವ ಹೊಣೆ ಉಳಿದವರದು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ವಿಮಾನ, ಹಡಗುಗಳಲ್ಲಿ ದುಡಿಯುವವರ ಕುಟುಂಬಗಳಿವೆ. ವಾರ್ಡಿನ ಗುರಿಕಾರರು ಅಂಥ ಮನೆಗಳನ್ನು ಈಗಲೇ ಗುರುತಿಸಿಟ್ಟರೆ ಒಳ್ಳೆಯದು. ಬಾಗಿಲಿಗೆ ಊಟ ಬಂದರೆ ಸಾಲದು, ಮಾತಾಡಿಸಲು ಒಬ್ಬರಾದರೂ ಬೇಕು.